ಕಪ್ಪು ಇಲ್ಲಿ, ಚಹಾ ಅಲ್ಲಿ: ದೂರದ ಅಂದಾಜು ತಪ್ಪುವ ಕಣ್ಣಿಗೆ ಮನೆಯಲ್ಲೇ ತಾಲೀಮು

ಮನೆಗೆ ಯಾರೋ ಬಂದಿದ್ದರು. ಅವ್ವ ಕಿಟ್ಲಿ ಕೈಗೆ ಕೊಟ್ಟು, ಚಹಾ ಹಾಕು ಅಂದಳು. ಹಾಕಿದೆ. ಕಪ್ಪಿಗಲ್ಲ, ಕಪ್ಪಿನಿಂದ ಒಂದು ಬೆರಳು ಆಚೆಗೆ, ಬಸಿಯೊಳಗೆ. “ಕಪ್ಪು ಇಲ್ಲಿ ಅದ ನೋಡು, ಎಲ್ಲಿ ಸುರಿಲತ್ತಿ?” ಅಂತ ಅವ್ವ ಗದರಿದಳು. ಬಂದವರು ನಕ್ಕರು, ನಾನೂ ನಕ್ಕೆ. ಆದರೆ ಆ ವಾರದಲ್ಲಿ ಅದು ಮೂರನೇ ಸಲ.

ಅದಕ್ಕೂ ಮುಂಚೆ ಬೇಕಾದಷ್ಟು ಸುಳಿವು ಸಿಕ್ಕಿದ್ದವು. ಗಾಡಿ ನಿಲ್ಲಿಸುವಾಗ ಮುಂದಿನ ಚಕ್ರ ಗೋಡೆಗೆ ಮುಟ್ಟಿ ‘ಟಕ್’ ಅನ್ನುತ್ತಿತ್ತು. ಸೂಜಿಗೆ ದಾರ ಪೋಣಿಸಲು ಹತ್ತು ಸಲ ಪ್ರಯತ್ನ ಬೇಕಿತ್ತು. ನಮ್ಮೂರು ಕಲಬುರಗಿಯ ಅಪ್ಪನ ಕೆರೆ ಹತ್ತಿರ ಹುಡುಗರ ಜೊತೆ ಆಡುವಾಗ ಕ್ಯಾಚ್ ಬಿಟ್ಟಿದ್ದಕ್ಕೆ ಲೆಕ್ಕವೇ ಇಲ್ಲ. ಕೈ ಸರಿಯಿಲ್ಲ ಅಂತ ತಿಳಿದಿದ್ದೆ, ಕಣ್ಣಿನ ಮೇಲೆ ಅನುಮಾನವೇ ಬಂದಿರಲಿಲ್ಲ. ಒಂದು ಚಷ್ಮಾ ಅಂಗಡಿಯಲ್ಲಿ ಎರಡೂ ಕಣ್ಣು ಬಿಡಿಸಿ ಓದಿಸಿ, “ನಂಬರ್ ಇಲ್ಲ, ಹೋಗ್ರಿ” ಅಂತ ಕಳಿಸಿದ್ದರು. ಆಮೇಲೆ ಸರಿಯಾಗಿ ಒಂದೊಂದೇ ಕಣ್ಣು ಮುಚ್ಚಿಸಿ ನೋಡಿದಾಗ ಎಡಗಣ್ಣಿಗೆ ಮೈನಸ್ 3 ಬಂತು. ಬಲಗಣ್ಣು ಚೆನ್ನಾಗಿತ್ತು. ಅದು ಅಷ್ಟು ಚೆನ್ನಾಗಿ ಕಾಣುತ್ತಿದ್ದರಿಂದಲೇ ಎಡಗಣ್ಣು ಸುಮ್ನೆ ಕೂತಿದೆ ಅನ್ನೋದು 36 ವರ್ಷವಾದರೂ ಗೊತ್ತಾಗಲಿಲ್ಲ.

ಆಮೇಲೆ ಕಣ್ಣಿನ ತಜ್ಞರ ಹತ್ತಿರ ಹೋಗಿ, ಕೆಲವು ತಿಂಗಳು ಮನೆಯಲ್ಲಿ ತಾಲೀಮು ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಯಾವುದು ಕೆಲಸ ಮಾಡುತ್ತದೆ, ಯಾವುದು ಬರೀ ಮೊಬೈಲ್ ವಿಡಿಯೋದ ಮಾತು ಅಂತ ಈಗ ಸ್ವಲ್ಪ ಗೊತ್ತಾಗಿದೆ.

ಆಳ ಕಾಣೋದು ಹೇಗೆ

ನಮ್ಮ ಎರಡು ಕಣ್ಣಿನ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರ ಇದೆ. ಹಾಗಾಗಿ ಎರಡಕ್ಕೂ ಕಾಣುವ ಚಿತ್ರ ಒಂದೇ ಅಲ್ಲ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಆ ಕಡೆ ಈ ಕಡೆ ಜಿಗಿಯುತ್ತದೆ. ಈ ಸಣ್ಣ ವ್ಯತ್ಯಾಸವನ್ನೇ ಮೆದುಳು ದೂರ ಅಂತ ಲೆಕ್ಕ ಹಾಕುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಎರಡು ಕನ್ನಡಿ, ಎರಡು ಚಿತ್ರ ಇಟ್ಟು ಇದನ್ನು ತೋರಿಸಿದರು. ಚಿತ್ರ ಚಪ್ಪಟೆ ಕಾಗದದ ಮೇಲೆ ಇದ್ದರೂ ನೋಡುವವರಿಗೆ ಆಳವಾಗಿ ಕಂಡಿತು.

ಈ ಲೆಕ್ಕ ಕೈಗೆ ಎಟಕುವ ದೂರದಲ್ಲಿ, ಹೆಚ್ಚೆಂದರೆ ಕೆಲವು ಮೀಟರ್‌ವರೆಗೆ ಬಹಳ ಚುರುಕು. ಅದಕ್ಕೇ ಕಪ್ಪು, ಸೂಜಿ, ಮೆಟ್ಟಿಲು ನಮ್ಮನ್ನು ಸಿಕ್ಕಿಹಾಕಿಸುತ್ತವೆ. ದೂರದ ಬಸ್ಸಿನ ವಿಷಯದಲ್ಲಿ ಒಂದು ಕಣ್ಣಿಗೂ ಸಿಗುವ ಬೇರೆ ಗುರುತುಗಳೇ ಜಾಸ್ತಿ ಕೆಲಸ ಮಾಡುತ್ತವೆ. ಅವುಗಳ ಮಾತು ಆಮೇಲೆ.

ಎರಡೂ ಚಿತ್ರ ಸ್ಪಷ್ಟ ಇರಬೇಕು, ಎರಡೂ ಕಣ್ಣು ಒಂದೇ ಕಡೆ ನೋಡಬೇಕು, ಮೆದುಳು ಎರಡನ್ನೂ ಒಪ್ಪಿಕೊಳ್ಳಬೇಕು. ಮೂರರಲ್ಲಿ ಯಾವುದು ಕೈಕೊಟ್ಟಿದೆ ಅಂತ ತಿಳಿಯದೆ ತಾಲೀಮಿಗೆ ಇಳಿದರೆ ಆ ದುಡಿಮೆ ದಂಡ.

ಮೊದಲು ಮನೆಯಲ್ಲೊಂದು ಪರೀಕ್ಷೆ

ಒಂದು ಬಳೆ, ಒಂದು ಪೆನ್ನು, ಒಂದು ತುಂಡು ದಾರ ಸಾಕು. ಬಳೆಯನ್ನು ದಾರಕ್ಕೆ ಕಟ್ಟಿ ಕಣ್ಣಿನ ಎತ್ತರಕ್ಕೆ, ಕೈಗೆ ಎಟಕುವ ದೂರದಲ್ಲಿ ಇಳಿಬಿಡಿ. ಬಳೆಯ ಅಂಚು ಮಾತ್ರ ಕಾಣಬೇಕು, ತೂತು ಕಾಣಬಾರದು. ಈಗ ಪಕ್ಕದಿಂದ ಪೆನ್ನು ತಂದು ಒಂದೇ ಏಟಿಗೆ ಬಳೆಯೊಳಗೆ ತೂರಿಸಿ. ತಡವರಿಸುತ್ತಾ ಹುಡುಕಬಾರದು. ಎರಡೂ ಕಣ್ಣು ಬಿಟ್ಟು ಹತ್ತು ಸಲ, ಆಮೇಲೆ ಒಂದು ಕಣ್ಣು ಮುಚ್ಚಿ ಹತ್ತು ಸಲ. ಎಷ್ಟು ತೂರಿತು ಅಂತ ಬರೆದಿಡಿ.

ಎರಡು ಕಣ್ಣು ಜೊತೆಯಾಗಿ ದುಡಿಯುವವರಿಗೆ ಈ ಎರಡು ಲೆಕ್ಕದ ನಡುವೆ ಎದ್ದು ಕಾಣುವ ಅಂತರ ಇರುತ್ತದೆ. ನನಗೆ ಮೊದಲ ದಿನ ಎರಡು ಕಣ್ಣಿನಲ್ಲಿ ನಾಲ್ಕು, ಒಂದು ಕಣ್ಣಿನಲ್ಲಿ ಮೂರು ಬಂತು. ಎರಡನೇ ಕಣ್ಣು ಇದ್ದೂ ಇಲ್ಲದ ಹಾಗೆ, ಅಲ್ವಾ?

ಇನ್ನೊಂದು ಸುಳಿವು ತ್ರೀಡಿ ಸಿನಿಮಾ. ಪಕ್ಕದವರೆಲ್ಲ ತಲೆ ಬಗ್ಗಿಸುವಾಗ ನಿಮಗೆ ಏನೂ ಅನ್ನಿಸದಿದ್ದರೆ ಗಮನಿಸಿ.

ಆಮೇಲೆ ಕಣ್ಣು ತೋರಿಸಿ, ಹೀಗೆ ಕೇಳಿ

ಇದನ್ನು ಹಾರಿಸಬೇಡಿ. ನಮ್ಮೂರ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ಕಣ್ಣಿನ ವಿಭಾಗಕ್ಕಾದರೂ ಹೋಗಿ, ನಿಮಗೆ ನಂಬಿಕೆ ಇರುವ ಕಣ್ಣಿನ ಡಾಕ್ಟರ್ ಹತ್ತಿರವಾದರೂ ಹೋಗಿ. ಬರೀ “ನಂಬರ್ ನೋಡ್ರಿ” ಅನ್ನಬೇಡಿ. “ದೂರದ ಅಂದಾಜು ತಪ್ಪುತ್ತಿದೆ” ಅಂತ ಹೇಳಿ. ಒಂದೊಂದು ಕಣ್ಣಿನ ನಂಬರ್ ಬೇರೆಬೇರೆ ನೋಡಬೇಕು. ಕಣ್ಣು ಓರೆ ಇದೆಯಾ, ಹತ್ತಿರದ ವಸ್ತು ನೋಡುವಾಗ ಎರಡೂ ಕಣ್ಣು ಸರಿಯಾಗಿ ಒಳಕ್ಕೆ ತಿರುಗುತ್ತವಾ ಅಂತ ನೋಡಬೇಕು. ಆಳದ ಪರೀಕ್ಷೆಯೂ ಆಗಬೇಕು. ಅದಕ್ಕೆ ದೊಡ್ಡ ನೊಣದ ಚಿತ್ರ ಇರುವ ಒಂದು ಪುಸ್ತಕ ಇದೆ. ವಿಶೇಷ ಚಷ್ಮಾ ಹಾಕಿಸಿ “ರೆಕ್ಕೆ ಹಿಡಿಯಿರಿ” ಅಂತಾರೆ. ಆಳ ಕಾಣುವವರ ಬೆರಳು ಕಾಗದಕ್ಕಿಂತ ಮೇಲೆ, ಗಾಳಿಯಲ್ಲೇ ರೆಕ್ಕೆ ಚಿವುಟುತ್ತದೆ. ನನ್ನ ಬೆರಳು ನೇರ ಕಾಗದಕ್ಕೆ ತಾಗಿತು.

ಎಷ್ಟೋ ಜನರಿಗೆ ಇಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಒಂದು ಕಣ್ಣಿನ ನಂಬರ್ ಸರಿಯಾದ ಮೇಲೆ, ಅಥವಾ ಒಂದೇ ಕಣ್ಣಿಗೆ ಬಂದ ಮೋತಿಬಿಂದು ತೆಗೆಸಿದ ಮೇಲೆ ಆಳ ತಾನಾಗಿ ಬರಬಹುದು. ಎರಡು ಕಣ್ಣಿನ ನಂಬರ್‌ನಲ್ಲಿ ಬಹಳ ವ್ಯತ್ಯಾಸ ಇದ್ದರೆ ಚಷ್ಮಾದಲ್ಲಿ ಎರಡು ಚಿತ್ರದ ಗಾತ್ರವೂ ಬೇರೆಯಾಗುತ್ತದೆ. ಮೊದಲ ವಾರ ನನಗೆ ನಮ್ಮ ಮನೆಯ ಪಡಸಾಲೆಯೇ ಓರೆಯಾಗಿ ಕಂಡಿತು. ಅಂಥವರಿಗೆ ಕಾಂಟ್ಯಾಕ್ಟ್ ಲೆನ್ಸ್ ಚೆನ್ನಾಗಿ ಹೊಂದುತ್ತದೆ. ಆದರೆ ನಮ್ಮೂರ ಬಿಸಿಲಿಗೆ, ಧೂಳಿಗೆ ಅದನ್ನು ನೋಡಿಕೊಳ್ಳೋದು ಇನ್ನೊಂದು ದಂದುಗ. ನಾನು ಚಷ್ಮಾಕ್ಕೇ ಒಗ್ಗಿಕೊಂಡೆ.

ತಾಲೀಮಿಗೆ ಕೈ ಹಾಕಬಾರದವರೂ ಇದ್ದಾರೆ. ಇದ್ದಕ್ಕಿದ್ದಂತೆ ಒಂದು ಎರಡಾಗಿ ಕಾಣಲು ಶುರುವಾದರೆ, ರೆಪ್ಪೆ ಜೋತುಬಿದ್ದರೆ, ಒಂದು ಕಣ್ಣು ಏಕಾಏಕಿ ಮಬ್ಬಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಚಿಕ್ಕಂದಿನಿಂದ ಮಾಲುಗಣ್ಣು ಇರುವವರು ಸ್ವಂತ ಬುದ್ಧಿಯಿಂದ ಈ ವ್ಯಾಯಾಮ ಮಾಡಬೇಡಿ. ಅವರ ಮೆದುಳು ಒಂದು ಚಿತ್ರವನ್ನು ಬೇಕಂತಲೇ ಅದುಮಿಟ್ಟಿರುತ್ತದೆ. ಅದನ್ನು ಎಬ್ಬಿಸಿ, ಎರಡು ಚಿತ್ರ ಒಂದಾಗದೇ ಉಳಿದರೆ ಜೀವನಪೂರ್ತಿ ಎರಡೆರಡು ಕಾಣುವ ಕಾಟ ಬರಬಹುದು. ಮಕ್ಕಳ ಕಣ್ಣು ಓರೆಯಾದರೆ, ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ಒಂದು ದಿನವೂ ಕಾಯಬೇಡಿ. ‘ಮಾಲುಗಣ್ಣು ಅದೃಷ್ಟ’ ಅನ್ನುವ ಮಾತು ನಮ್ಮ ಕಡೆ ಇನ್ನೂ ಇದೆ. ಆ ಮಾತಿಗೆ ಬೆಲೆ ಕೊಟ್ಟು ಕಾಯುತ್ತಾ ಕೂತರೆ ಮಗುವಿನ ಕಣ್ಣು ಸೋಮಾರಿಯಾಗುತ್ತದೆ. ಸೋಮಾರಿ ಕಣ್ಣಿಗೆ ಸುಮಾರು ಏಳು ವರ್ಷದೊಳಗೆ ಮಾಡಿದ ಚಿಕಿತ್ಸೆ ಹತ್ತುವ ಹಾಗೆ ಆಮೇಲೆ ಹತ್ತುವುದಿಲ್ಲ.

ಲಾಡಿ ಮತ್ತು ಮೂರು ಮಣಿ

ಎಲ್ಲ ತಾಲೀಮಿನಲ್ಲೂ ನನಗೆ ಇದೇ ದೊಡ್ಡದು. ಫ್ರೆಡರಿಕ್ ಬ್ರಾಕ್ ಅನ್ನುವ ಅಮೆರಿಕದ ಕಣ್ಣಿನ ತಜ್ಞರ ಹೆಸರಿನಿಂದ ಇದನ್ನು ಬ್ರಾಕ್ ದಾರ ಅಂತಾರೆ. ಅಂಗಡಿಯಲ್ಲಿ ಕೊಳ್ಳಬೇಕಾಗಿಲ್ಲ. ಮೂರು ಮೀಟರ್ ಬಿಳಿ ಲಾಡಿ ತಗೊಳ್ಳಿ. ಮಣಿಗೆ ನಾನು ಸೂಪರ್ ಮಾರ್ಕೆಟ್ ಅನ್ನುವ ನಮ್ಮೂರ ಪೇಟೆ ಕಡೆ ಎತ್ತಿನ ಕೊರಳಿಗೆ ಕಟ್ಟುವ ಮಣಿ ಮಾರುವಲ್ಲಿ ಹೋದೆ. ದೊಡ್ಡ ತೂತು, ಗಾಢ ಬಣ್ಣ, ಲಾಡಿ ಸಲೀಸಾಗಿ ಹೋಗುತ್ತದೆ. ಒಂದು ಕೆಂಪು, ಒಂದು ಹಸಿರು, ಒಂದು ಹಳದಿ. “ಯಾವ ಎತ್ತಿಗೆ ಮೂರೇ ಮಣಿ ಸಾಕಾಗ್ತದ್ರಿ?” ಅಂತ ಅಂಗಡಿಯ ಕಾಕಾ ಕೇಳಿದರು. ಕಣ್ಣಿಗೆ ಅಂದೆ. ದೃಷ್ಟಿ ತೆಗೆಯಲು ಅಂದುಕೊಂಡರೇನೋ, ಮತ್ತೆ ಕೇಳಲಿಲ್ಲ.

ಲಾಡಿಯ ಒಂದು ತುದಿಯನ್ನು ಕಿಟಕಿ ಸರಳಿಗೆ, ಕೂತಾಗ ಕಣ್ಣು ಬರುವ ಎತ್ತರಕ್ಕೆ ಕಟ್ಟಿ. ಇನ್ನೊಂದು ತುದಿಯನ್ನು ಮೂಗಿನ ತುದಿಗೆ ಒತ್ತಿ ಹಿಡಿಯಿರಿ. ಲಾಡಿ ಬಿಗಿಯಾಗಿರಲಿ. ಕೆಂಪು ಮಣಿ ಮೂಗಿನಿಂದ 40 ಸೆಂಟಿಮೀಟರ್, ಹಸಿರು ಒಂದೂವರೆ ಮೀಟರ್, ಹಳದಿ ಕಿಟಕಿ ಹತ್ತಿರ. ಚಷ್ಮಾ ಹಾಕಿಕೊಂಡೇ ಮಾಡಿ.

ಈಗ ಹಸಿರು ಮಣಿಯನ್ನು ನೋಡಿ. ಎರಡೂ ಕಣ್ಣು ದುಡಿಯುತ್ತಿದ್ದರೆ ಲಾಡಿ ಒಂದಲ್ಲ, ಎರಡು ಕಾಣುತ್ತದೆ. ಎರಡೂ ಹಸಿರು ಮಣಿಯ ಹತ್ತಿರ ಕತ್ತರಿ ಹಾಕಿದ ಹಾಗೆ ಕೂಡಿ ದಾಟುತ್ತವೆ. ಹಸಿರು ಮಣಿ ಒಂದೇ. ಕೆಂಪು, ಹಳದಿ ಎರಡೆರಡು. ಹೆದರಬೇಡಿ, ಹೀಗೆ ಕಾಣುವುದೇ ಸರಿ. ನೋಟ ಕೆಂಪು ಮಣಿಗೆ ತಂದರೆ ಕತ್ತರಿ ಅಲ್ಲಿಗೆ ಬರಬೇಕು. ಹಳದಿಗೆ ಕೊಂಡೊಯ್ದರೆ ಎರಡು ಲಾಡಿ ನಿಮ್ಮ ಕಡೆಯಿಂದ ಹೊರಟು ದೂರದಲ್ಲಿ ಕೂಡುವ ರೈಲು ಹಳಿಯ ಹಾಗೆ ಕಾಣುತ್ತವೆ.

ಕತ್ತರಿ ಮಣಿಗಿಂತ ಈಚೆ, ನಿಮ್ಮ ಹತ್ತಿರ ಬಿದ್ದರೆ ನಿಮ್ಮ ಕಣ್ಣು ಬೇಕಾದ್ದಕ್ಕಿಂತ ಹತ್ತಿರಕ್ಕೆ ಗುರಿಯಿಟ್ಟಿದೆ. ಆಚೆ ಬಿದ್ದರೆ ದೂರಕ್ಕೆ. ಅದಕ್ಕೇ ಈ ದಾರ ನನಗೆ ಇಷ್ಟ. ತಪ್ಪು ಎಲ್ಲಿದೆ ಅಂತ ಅದೇ ಬೆರಳಿಟ್ಟು ತೋರಿಸುತ್ತದೆ. ಕತ್ತರಿಯನ್ನು ನಿಧಾನಕ್ಕೆ ಮಣಿಯ ಮೇಲೆ ತರುವುದೇ ಕೆಲಸ.

ಲಾಡಿ ಒಂದೇ ಕಾಣುತ್ತಿದ್ದರೆ ಒಂದು ಕಣ್ಣು ಮಲಗಿದೆ ಅಂತ ಅರ್ಥ. ನನಗೆ ಮೊದಲ ಒಂಬತ್ತು ದಿನ ಹಾಗೇ ಆಯಿತು. ಲಾಡಿಯನ್ನು ಸ್ವಲ್ಪ ಅಲ್ಲಾಡಿಸಿ, ಪಟಪಟ ರೆಪ್ಪೆ ಬಡಿಯಿರಿ, ದುಡಿಯುವ ಕಣ್ಣನ್ನು ಒಂದು ಗಳಿಗೆ ಮುಚ್ಚಿ ತೆಗೆಯಿರಿ. ಹತ್ತನೇ ದಿನ ಸಂಜೆ, ಕರೆಂಟ್ ಹೋಗಿ ಬಂದ ಮೇಲೆ, ಇದ್ದಕ್ಕಿದ್ದಂತೆ ಎರಡನೇ ಲಾಡಿ ಕಂಡಿತು. ತೆಳುವಾಗಿ, ಹೊಗೆಯ ಹಾಗೆ. ಎರಡು ಸೆಕೆಂಡ್ ಇತ್ತು, ಹೋಯಿತು. ಮತ್ತೆ ಬಂತು. ಅವ್ವನನ್ನು ಕರೆದು ತೋರಿಸಹೋದೆ. ಅವಳಿಗೆ ಮೊದಲ ಸಲಕ್ಕೇ ಎರಡೂ ಕಂಡವು. “ಇದರಾಗ ಏನ್ ವಿಶೇಷ ಅದ?” ಅಂದಳು.

ಎರಡು ಲಾಡಿ ಗಟ್ಟಿಯಾಗಿ ನಿಂತ ಮೇಲೆ ಹತ್ತಿರ-ನಡು-ದೂರ ಅಂತ ನೋಟ ಹಾರಿಸಿ. ಒಂದೊಂದು ಮಣಿಯ ಮೇಲೆ ಐದು ಎಣಿಕೆ. ವಾರಕ್ಕೊಮ್ಮೆ ಕೆಂಪು ಮಣಿಯನ್ನು ಎರಡು ಬೆರಳು ಹತ್ತಿರ ತನ್ನಿ. ದಿನಕ್ಕೆ ಐದರಿಂದ ಹತ್ತು ನಿಮಿಷ ಸಾಕು. ಕಣ್ಣು ಜಗ್ಗಿದ ಹಾಗೆ ಅನ್ನಿಸುವುದು ಸಹಜ. ತಲೆನೋವು ಬಂದರೆ ಅಲ್ಲಿಗೇ ಬಿಡಿ.

ಪೆನ್ಸಿಲ್ ಮೂಗಿಗೆ ತರುವುದು

ಎಲ್ಲರೂ ಹೇಳುವ ವ್ಯಾಯಾಮ ಇದು. ಪೆನ್ಸಿಲ್ ತುದಿಯನ್ನು ನೋಡುತ್ತಾ ಮೂಗಿನ ಕಡೆ ತನ್ನಿ, ಎರಡಾದ ಕೂಡಲೇ ನಿಲ್ಲಿಸಿ, ಹಿಂದಕ್ಕೆ ಒಯ್ದು ಒಂದು ಮಾಡಿಕೊಳ್ಳಿ. ಹತ್ತು ಸೆಂಟಿಮೀಟರ್‌ಗಿಂತ ದೂರದಲ್ಲೇ ಎರಡಾಗುತ್ತಿದ್ದರೆ ಡಾಕ್ಟರ್‌ಗೆ ಹೇಳಿ.

ಇದರ ಬಗ್ಗೆ ನನ್ನ ಅಭಿಪ್ರಾಯ ಅಷ್ಟಕ್ಕಷ್ಟೇ. ಹತ್ತಿರ ನೋಡುವಾಗ ಕಣ್ಣು ಒಳಕ್ಕೆ ತಿರುಗದ ತೊಂದರೆ ಇದ್ದ, 9ರಿಂದ 17 ವರ್ಷದ 221 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2008ರಲ್ಲಿ ಬಂತು. 12 ವಾರ ತಜ್ಞರ ಎದುರು ಕೂತು ತಾಲೀಮು ಮಾಡಿ, ಮನೆಯಲ್ಲೂ ಮುಂದುವರಿಸಿದ ಮಕ್ಕಳಲ್ಲಿ ಸುಮಾರು 73 ಶೇಕಡಾ ಸುಧಾರಿಸಿದರು. ಮನೆಯಲ್ಲಿ ಬರೀ ಪೆನ್ಸಿಲ್ ಮಾಡಿದವರಲ್ಲಿ ಸುಮಾರು 43 ಶೇಕಡಾ. ಹೆಸರಿಗಷ್ಟೇ ತಾಲೀಮು ಮಾಡಿಸಿದವರಲ್ಲೂ 35 ಶೇಕಡಾ ಸುಧಾರಿಸಿದ್ದರು ಅನ್ನೋದು ಗಮನಿಸಬೇಕಾದ ವಿಷಯ. ಹಾಗಾಗಿ ಮನೆಯಲ್ಲಿ ಮಾಡಿ, ಆದರೆ ನೋಡಿ ತಿದ್ದುವವರೊಬ್ಬರು ಇರಲಿ.

ಐದು ರೂಪಾಯಿ ಬಾವಿ

ಬಿಳಿ ಕಾಗದದ ಮೇಲೆ ಐದು ರೂಪಾಯಿ ನಾಣ್ಯ ಇಟ್ಟು ಪಕ್ಕಪಕ್ಕ ಎರಡು ವೃತ್ತ ಬರೆಯಿರಿ, ನಡುವಿನಿಂದ ನಡುವಿಗೆ ಐದು ಸೆಂಟಿಮೀಟರ್. ಒಳಗೆ ಒಂದೊಂದು ಸಣ್ಣ ವೃತ್ತ. ಎಡದ ಸಣ್ಣ ವೃತ್ತವನ್ನು ನಡುವಿನಿಂದ ಒಂದೇ ಮಿಲಿಮೀಟರ್ ಬಲಕ್ಕೆ, ಬಲದ್ದನ್ನು ಒಂದು ಮಿಲಿಮೀಟರ್ ಎಡಕ್ಕೆ ಸರಿಸಿ ಬರೆಯಿರಿ. ಕಾಗದ 40 ಸೆಂಟಿಮೀಟರ್ ದೂರ ಇರಲಿ. ಕಾಗದಕ್ಕೂ ಮುಖಕ್ಕೂ ಅರ್ಧ ದಾರಿಯಲ್ಲಿ ಪೆನ್ಸಿಲ್ ಹಿಡಿದು ಅದರ ತುದಿ ನೋಡಿ. ಹಿಂದೆ ಎರಡು ವೃತ್ತ ನಾಲ್ಕಾಗಿ, ನಡುವಿನ ಎರಡು ಕೂಡಿ ಮೂರಾಗುತ್ತವೆ. ಪೆನ್ಸಿಲ್ ಸ್ವಲ್ಪ ಹಿಂದೆ-ಮುಂದೆ ಮಾಡಿದರೆ ಮೂರು ನಿಲ್ಲುತ್ತವೆ.

ನಡುವಿನದನ್ನು ನೋಡುತ್ತಾ ಇರಿ. ಆಳ ಬಂದವರಿಗೆ ಸಣ್ಣ ವೃತ್ತ ಬಾವಿಯ ತಳದ ಹಾಗೆ ಒಳಗೆ ಇಳಿಯುತ್ತದೆ. ಸಣ್ಣ ವೃತ್ತಗಳನ್ನು ಹೊರಕ್ಕೆ ಸರಿಸಿ ಇನ್ನೊಂದು ಕಾಗದ ಮಾಡಿದರೆ ತಟ್ಟೆಯ ಮೇಲಿನ ಬಟ್ಟಲಿನ ಹಾಗೆ ಮೇಲೆದ್ದು ಬರುತ್ತದೆ. ನನಗೆ ಇದು ಬರಲು ಎರಡು ತಿಂಗಳು ಹಿಡಿಯಿತು. ಈಗಲೂ ದಣಿದ ದಿನ ಬರೋದಿಲ್ಲ.

ಕೈಗೂ ಕೆಲಸ ಕೊಡಿ

ಕಣ್ಣು ಕಂಡದ್ದನ್ನು ಕೈ ನಂಬಬೇಕು. ಖಾಲಿ ಬಾಟಲಿಯನ್ನು ಕೈಚಾಚಿದಷ್ಟು ದೂರ ಇಟ್ಟು, 20 ತೊಗರಿಬೇಳೆಯನ್ನು ಒಂದೊಂದಾಗಿ ಮೇಲಿನಿಂದ ಬಾಯೊಳಗೆ ಬಿಡಿ. ನಮ್ಮೂರಲ್ಲಿ ತೊಗರಿಬೇಳೆಗೇನು ಬರ. ಬಾಟಲಿಯ ಜಾಗ ಪ್ರತಿ ಸಲ ಬದಲಿಸಿ, ಇಲ್ಲದಿದ್ದರೆ ಕೈ ಜಾಗ ಕಲಿತುಬಿಡುತ್ತದೆ, ಕಣ್ಣು ಕಲಿಯೋದಿಲ್ಲ. ಮಕ್ಕಳಿದ್ದರೆ ಲಗೋರಿ, ಚಿಣ್ಣಿದಾಂಡು, ಗೋಡೆಗೆ ಚೆಂಡು ಹೊಡೆದು ಹಿಡಿಯುವುದು. ಇದಕ್ಕಿಂತ ಒಳ್ಳೆ ಆ್ಯಪ್ ನಾನು ನೋಡಿಲ್ಲ.

ಬರೀ ಮೋಜಿಗೆ ಒಂದು. ನಿಂಬೆಹಣ್ಣನ್ನು ದಾರಕ್ಕೆ ಕಟ್ಟಿ, ಯಾರಿಗಾದರೂ ಎಡಕ್ಕೆ-ಬಲಕ್ಕೆ ನೇರ ತೂಗಲು ಹೇಳಿ. ನೀವು ತಂಪು ಚಷ್ಮಾದ ಒಂದು ಗಾಜನ್ನು ಒಂದೇ ಕಣ್ಣಿಗೆ ಹಿಡಿದು ಎರಡೂ ಕಣ್ಣಿನಿಂದ ನೋಡಿ. ನಿಂಬೆ ನೇರ ತೂಗದೆ ಗಾಣದೆತ್ತಿನ ಹಾಗೆ ಸುತ್ತು ಬರುತ್ತದೆ. ಕತ್ತಲಾದ ಕಣ್ಣಿನ ಸುದ್ದಿ ಮೆದುಳಿಗೆ ತುಸು ತಡವಾಗಿ ಮುಟ್ಟುವುದರಿಂದ ಹೀಗೆ. 1922ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ವಿಜ್ಞಾನಿ ಕಾರ್ಲ್ ಪುಲ್ಫ್ರಿಚ್ ಅವರಿಗೇ ಒಂದು ಕಣ್ಣು ಕಾಣುತ್ತಿರಲಿಲ್ಲ, ಹಾಗಾಗಿ ತಾವೇ ಅದನ್ನು ನೋಡಲು ಆಗಲಿಲ್ಲ. ಒಂದೇ ಕಣ್ಣಿಗೆ ಮೋತಿಬಿಂದು ಇರುವವರಿಗೆ ರಸ್ತೆಯಲ್ಲಿ ಅಡ್ಡ ಹೋಗುವ ಗಾಡಿಗಳು ಹೀಗೇ ಮೋಸ ಮಾಡಬಹುದು.

ಒಂದೇ ಕಣ್ಣು ಇರುವವರಿಗೂ ದಾರಿ ಇದೆ

ಕ್ರಿಕೆಟ್ ಆಟಗಾರ ಮನ್ಸೂರ್ ಅಲಿ ಖಾನ್ ಪಟೌಡಿ 1961ರ ಜುಲೈನಲ್ಲಿ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡರು. ಅದೇ ಡಿಸೆಂಬರ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ಒಟ್ಟು 46 ಟೆಸ್ಟ್, ಆರು ಶತಕ. ಎರಡು ಕಣ್ಣಿನ ಲೆಕ್ಕ ಹೋದರೂ ಉಳಿದ ಗುರುತುಗಳಿಂದ ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ಗುರುತುಗಳಲ್ಲಿ ದೊಡ್ಡದು ಚಲನೆ. ಸೇಡಂ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿ, ರಸ್ತೆ ಪಕ್ಕದ ತೊಗರಿ ಗಿಡ ಹಿಂದಕ್ಕೆ ಓಡುತ್ತದೆ, ದೂರದ ಬೇವಿನ ಮರ ನಮ್ಮ ಜೊತೆಗೇ ಬರುತ್ತದೆ. ಇದನ್ನು ಕಲಿಯಲು ನಮ್ಮ ಕೋಟೆಯೊಳಗಿನ ಜಾಮಾ ಮಸೀದಿಯಂಥ ಜಾಗ ಬೇರೆ ಸಿಗದು. 1367ರ ಕಟ್ಟಡ, ಬಯಲು ಅಂಗಳವಿಲ್ಲ, ಪೂರ್ತಿ ಮೇಲೆ ಮುಚ್ಚಿದೆ, ಒಳಗೆ ಕಮಾನಿನ ಹಿಂದೆ ಕಮಾನು. ಒಂದು ಸಾಲಿನ ಎದುರು ನಿಂತು, ಒಂದು ಕಣ್ಣು ಮುಚ್ಚಿ ನೋಡಿ. ಚಿತ್ರಪಟದ ಹಾಗೆ ಚಪ್ಪಟೆ. ಈಗ ತಲೆಯನ್ನು ಎಡಕ್ಕೆ ಬಲಕ್ಕೆ ಒಂದು ಗೇಣು ಸರಿಸಿ. ಹತ್ತಿರದ ಕಂಬ ಜೋರಾಗಿ ಜಾರುತ್ತದೆ, ಹಿಂದಿನದು ನಿಧಾನ, ಅದರ ಹಿಂದಿನದು ಅಲುಗಾಡಿದ್ದೇ ಗೊತ್ತಾಗದು. ಸಾಲು ಸಾಲಾಗಿ ಆಳ ಬಿಚ್ಚಿಕೊಳ್ಳುತ್ತದೆ. ಈ ತಲೆ ಸರಿಸುವ ಅಭ್ಯಾಸವನ್ನೇ ಗಾಡಿ ನಿಲ್ಲಿಸುವಾಗ, ಮೆಟ್ಟಿಲ ಮುಂದೆ, ಅಡುಗೆಮನೆಯಲ್ಲಿ ತನ್ನಿ. ಚಹಾ ಹಾಕುವಾಗ ಕಿಟ್ಲಿಯ ಮೂತಿಯನ್ನು ಕಪ್ಪಿನ ಅಂಚಿಗೆ ಮುಟ್ಟಿಸಿ ಹಾಕಿ. ನಾಚಿಕೆ ಬೇಡ.

ಮೆಟ್ಟಿಲ ವಿಷಯ ಬೇರೆಯೇ ಹೇಳಬೇಕು. ನಮ್ಮ ಮನೆಗಳಲ್ಲಿ ಶಹಾಬಾದ್ ಕಲ್ಲಿನ ಮೆಟ್ಟಿಲು. ಎಲ್ಲ ಒಂದೇ ಬೂದು ಬಣ್ಣ. ಬೆಳಿಗ್ಗೆ, ಸಂಜೆ ನೆರಳು ಬೀಳುವುದರಿಂದ ಅಂಚು ಗೊತ್ತಾಗುತ್ತದೆ. ನಡುಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದರೆ ನೆರಳಿಲ್ಲ, ಐದು ಮೆಟ್ಟಿಲು ಒಂದೇ ಹಾಸುಗಲ್ಲಾಗುತ್ತದೆ. ಅಂಚಿಗೆ ಎರಡು ಬೆರಳು ಅಗಲ ಹಳದಿ ಪೇಂಟ್ ಹೊಡೆಯಿರಿ. ನಮ್ಮ ಮನೆಯಲ್ಲಿ ಈ ಒಂದು ಡಬ್ಬಿ ಪೇಂಟ್ ಮಾಡಿದ ಉಪಕಾರ ಮೂರು ತಿಂಗಳ ತಾಲೀಮೂ ಮಾಡಿಲ್ಲ. ಹಿರಿಯರು ಕೆಳಗೆ ಓದುವ ನಂಬರ್ ಇರುವ ಚಷ್ಮಾ ಹಾಕಿ ಇಳಿಯುವಾಗ ಆ ಕೆಳಗಿನ ಗಾಜಿನಲ್ಲಿ ಮೆಟ್ಟಿಲು ಮಬ್ಬಾಗಿ ಕಾಣುತ್ತದೆ. ಗದ್ದ ಕೆಳಗೆ ಮಾಡಿ ಮೇಲಿನ ಗಾಜಿನಿಂದ ನೋಡಲು ಹೇಳಿ, ಇಲ್ಲವೇ ಓಡಾಡಲು ಬೇರೆ ಚಷ್ಮಾ ಮಾಡಿಸಿ.

ಎಷ್ಟು ದಿನ, ಎಷ್ಟು ಆಸೆ

ವಾರಕ್ಕೆ ಐದು ದಿನ, ದಿನಕ್ಕೆ 15 ನಿಮಿಷ. ನಾನು ಬೆಳಿಗ್ಗೆ ಮಾಡುತ್ತಿದ್ದೆ. ಸಂಜೆ ಮೊಬೈಲ್ ನೋಡಿ ದಣಿದ ಕಣ್ಣಿನಿಂದ ಏನೂ ಆಗದು.

ದೊಡ್ಡವರಾದ ಮೇಲೆ ಆಳ ಬರೋದೇ ಇಲ್ಲ ಅಂತ ಬಹಳ ಕಾಲ ನಂಬಿದ್ದರು. ಸೂಸನ್ ಬ್ಯಾರಿ ಅನ್ನುವ ಅಮೆರಿಕದ ನರವಿಜ್ಞಾನಿಗೆ ಹಸುಗೂಸಾಗಿದ್ದಾಗಿನಿಂದ ಮಾಲುಗಣ್ಣು. ಅವರು 48ನೇ ವಯಸ್ಸಿನಲ್ಲಿ ತಜ್ಞರ ಕೈಕೆಳಗೆ ತಾಲೀಮು ಶುರು ಮಾಡಿದರು. ಒಂದು ದಿನ ಕಾರಿನಲ್ಲಿ ಕೂತಾಗ ಸ್ಟೀರಿಂಗ್ ಚಕ್ರ ಹಿಂದಿನ ಹಲಗೆಯಿಂದ ಬೇರೆಯಾಗಿ ಮುಂದೆ ಬಂದ ಹಾಗೆ ಕಂಡಿತು. ಆದರೆ ಎಲ್ಲರಿಗೂ ಹಾಗೇ ಆಗುತ್ತದೆ ಅನ್ನುವ ಜಾಹೀರಾತು ನಂಬಬೇಡಿ. ‘ವಾರದಲ್ಲಿ ಚಷ್ಮಾ ಬಿಡಿಸುತ್ತೇವೆ’ ಅನ್ನುವವರನ್ನಂತೂ ಬೇಡವೇ ಬೇಡ. ವ್ಯಾಯಾಮದಿಂದ ಚಷ್ಮಾದ ನಂಬರ್ ಹೋಗುವುದಿಲ್ಲ.

ಭಾನುವಾರಕ್ಕೊಮ್ಮೆ ಬಳೆ-ಪೆನ್ನಿನ ಪರೀಕ್ಷೆ ಮಾಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಎರಡು ಕಣ್ಣಿನಲ್ಲಿ ಹತ್ತಕ್ಕೆ ಎಷ್ಟು, ಒಂದು ಕಣ್ಣಿನಲ್ಲಿ ಎಷ್ಟು, ಎರಡನೇ ಲಾಡಿ ಎಷ್ಟು ಹೊತ್ತು ನಿಂತಿತು, ತಲೆನೋವು ಬಂತಾ. ನನ್ನದು ನಾಲ್ಕು-ಮೂರರಿಂದ ಎಂಟು-ನಾಲ್ಕಕ್ಕೆ ಬಂದಿದೆ, ಮೂರು ತಿಂಗಳಿಂದ ಅಲ್ಲೇ ನಿಂತಿದೆ. 12 ವಾರ ಬಿಡದೆ ಮಾಡಿದರೂ ನಿಮಗೆ ಲಾಡಿ ಒಂದೇ ಕಾಣುತ್ತಿದ್ದರೆ, ಅಥವಾ ಎರಡು ಲೆಕ್ಕದ ಅಂತರ ಹೆಚ್ಚದಿದ್ದರೆ, ತಾಲೀಮು ನಿಲ್ಲಿಸಿ ಆ ನೋಟ್‌ಬುಕ್ ತಗೊಂಡು ಡಾಕ್ಟರ್ ಹತ್ತಿರ ಹೋಗಿ. ಲಾಡಿ, ಮಣಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ. ನಿಮಗೆ ಏನು ಕಾಣುತ್ತಿದೆ ಅಂತ ಬಾಯಲ್ಲಿ ಹೇಳುವುದಕ್ಕಿಂತ ಅಲ್ಲೇ ಬಾಗಿಲಿನ ಹಿಡಿಕೆಗೆ ಕಟ್ಟಿ ತೋರಿಸುವುದು ಸುಲಭ.